ಪಕ್ಕದಲ್ಲಿ ಕುಳಿತು ನೋಡುವ ಕಥೆಗಳು



ಕಳೆದ ತಿಂಗಳು ಕಮಲಾಪುರದಿಂದ ಒಬ್ಬ ತಾಯಿಯ ಪತ್ರ ಬಂದಿತ್ತು. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಆದ್ದರಿಂದ ಹೆಸರು ಬೇಡ. ಅವರ ಇಬ್ಬರು ಹೆಣ್ಣುಮಕ್ಕಳು ಮೊಬೈಲಿನಲ್ಲಿ ಕೊರಿಯಾದ ಧಾರಾವಾಹಿ ನೋಡುತ್ತಾ ಕುಳಿತಿದ್ದರಂತೆ. ಬೈಯಲು ಹೋದ ತಾಯಿ ಅಲ್ಲೇ ಕುಳಿತುಬಿಟ್ಟರು. 'ಹೋಮ್‌ಟೌನ್ ಚಾ ಚಾ ಚಾ' ಎಂಬ ಆ ಧಾರಾವಾಹಿಯ 16 ಕಂತುಗಳೂ ಮುಗಿದಿವೆ. ಈಗ ಅವರಿಗೆ ಏನೋ ಕಳೆದುಕೊಂಡ ಹಾಗೆ ಆಗಿದೆ.

"ಅದರಂಥದ್ದೇ ಇನ್ನೂ ಯಾವುದಿದೆ ತಿಳಿಸಿ. ಜಗಳ, ಸೇಡು, ಅತ್ತೆ-ಸೊಸೆಯ ವಿಷ ಬೇಡ. ಪ್ರೀತಿ ನಿಧಾನವಾಗಿ ಬರಬೇಕು. ನೋಡಿ ಎದ್ದಾಗ ಎದೆ ಹಗುರಾಗಿರಬೇಕು. ಮಗ ಒಳಗೆ ಬಂದರೆ ನಾನು ಟಿ.ವಿ. ಆರಿಸುವ ಹಾಗೆ ಇರಬಾರದು. ಈ ವಯಸ್ಸಿನ ಹೆಂಗಸು ಇದನ್ನು ಕೇಳುವುದು ತಪ್ಪೇ?" ಎಂದು ಬರೆದಿದ್ದಾರೆ.

ತಪ್ಪಲ್ಲ ಸಹೋದರಿ. ನಿಮ್ಮಂತೆ ಕೇಳಲು ಸಂಕೋಚಪಟ್ಟು ಸುಮ್ಮನಿರುವವರು ಎಷ್ಟೋ ಮಂದಿ ಇದ್ದಾರೆ. ಅವರೆಲ್ಲರ ಪರವಾಗಿ ನೀವು ಕೇಳಿದ್ದೀರಿ ಎಂದುಕೊಳ್ಳುತ್ತೇನೆ. ಆದರೆ ಹೆಸರುಗಳ ಪಟ್ಟಿ ಕೊಡುವ ಮೊದಲು ಕಲಬುರಗಿಯಲ್ಲಿ ನನ್ನ ತಂಗಿಯ ಮನೆಯಲ್ಲಿ ನಡೆದ ಒಂದು ಸಂಗತಿ ಹೇಳಬೇಕು. ಅದನ್ನು ಕೇಳಿದರೆ ಈ ಪಟ್ಟಿಯನ್ನು ಹೇಗೆ ಬಳಸಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.

ತಂಗಿಯ ಮನೆ ಇರುವುದು ಶರಣಬಸವೇಶ್ವರ ದೇವಸ್ಥಾನಕ್ಕೆ ಸಮೀಪದ ಒಂದು ಗಲ್ಲಿಯಲ್ಲಿ. ಹೋಳಿ ಹುಣ್ಣಿಮೆ ಕಳೆದು ಐದನೇ ದಿನಕ್ಕೆ ರಥ ಎಳೆಯುತ್ತಾರೆ. ಆ ಸಂಜೆ ಜನರ ಕೂಗು ಅವರ ಮಾಳಿಗೆಯವರೆಗೆ ಕೇಳುತ್ತದೆ. ರಥ ನಿಂತ ಮೇಲೂ ಅಂಗಡಿಗಳು ಬೇಗ ಹೋಗುವುದಿಲ್ಲ. ಆಟಿಕೆ, ಪಾತ್ರೆ, ಬೆಂಡು ಬತ್ತಾಸು, ಗಾಜಿನ ಬಳೆ. ತಂಗಿಯ ಮಗಳು ನಡೆಯಲು ಕಲಿತ ವರ್ಷದಿಂದ ಆ ಬಳೆ ಅಂಗಡಿಗೆ ಹೋಗದ ಜಾತ್ರೆ ಇರಲಿಲ್ಲ.

ಒಂದು ವರ್ಷ ಮಾತ್ರ ಅವಳು ಹೋಗಲಿಲ್ಲ. ಆ ಚಳಿಗಾಲದಲ್ಲಿ ಅವಳ ನಿಕಾಹ್ ನಿಶ್ಚಯವಾಗಿತ್ತು. ಹಾಲ್ ಗೊತ್ತುಮಾಡಿ, ಕಾರ್ಡು ಹಂಚಿ, ಇನ್ನು 15 ದಿನ ಇದೆ ಎನ್ನುವಾಗ ಗಂಡಿನ ಕಡೆಯವರು ಸಂಬಂಧ ಮುರಿದುಕೊಂಡರು. ಬಾಯಿಬಿಟ್ಟು ಹೇಳಿದ ಕಾರಣ ಬೇರೆ. ಹೇಳದೆ ಉಳಿದ ಕಾರಣ, ಕೇಳಿದ ಗಾಡಿ ಕೊಡಲಾಗಲಿಲ್ಲ ಎಂಬುದು. ಹುಡುಗಿ ಅಳಲಿಲ್ಲ. ಮಾತು ನಿಲ್ಲಿಸಿದಳು. ಊಟಕ್ಕೆ ಕರೆದರೆ ಬರುವಳು, ತಿಂದು ಕೋಣೆಗೆ ಹೋಗುವಳು. ಬಂದವರೆಲ್ಲ "ಒಳ್ಳೆಯದೇ ಆಯಿತು, ಮೊದಲೇ ಗೊತ್ತಾಯಿತಲ್ಲ" ಎಂದು ಸಮಾಧಾನ ಹೇಳುತ್ತಿದ್ದರು. ಹೀಗೆ ಹೇಳುವುದು ಸುಲಭ. ಕೇಳಿಸಿಕೊಳ್ಳುವವರಿಗೆ ಮಾತ್ರ ಅದರ ಭಾರ ಗೊತ್ತು.

ಒಂದು ದಿನ ತಂಗಿಯ ಫೋನ್ ಬಂತು. "ಆಪಾ, ಹುಡುಗಿ ರಾತ್ರಿಯೆಲ್ಲ ಮೊಬೈಲಿನಲ್ಲಿ ಕೊರಿಯಾದವರ ಧಾರಾವಾಹಿ ನೋಡುತ್ತಾಳೆ. ಮೊಬೈಲ್ ಕಸಿದುಕೊಳ್ಳಲೇ?" ಎಂದಳು. "ಕಸಿದುಕೊಳ್ಳಬೇಡ. ನೀನೂ ಹೋಗಿ ಪಕ್ಕದಲ್ಲಿ ಕುಳಿತುಕೋ. ಏನೂ ಕೇಳಬೇಡ" ಎಂದೆ. ತಂಗಿ ಹೊಲಿಯುತ್ತಿದ್ದ ಕೌದಿಯನ್ನು ಎತ್ತಿಕೊಂಡು ಹೋಗಿ ಮಗಳ ಮಂಚದ ತುದಿಯಲ್ಲಿ ಕುಳಿತಳು.

ಆಗ ಒಂದು ತೊಡಕು ಬಂತು. ಧಾರಾವಾಹಿ ಕೊರಿಯನ್ ಭಾಷೆಯಲ್ಲಿದೆ, ಕೆಳಗೆ ಬರುವ ಸಾಲುಗಳು ಇಂಗ್ಲಿಷ್‌ನಲ್ಲಿವೆ. ತಂಗಿಗೆ ಎರಡೂ ಬಾರದು. "ಏನಂದಳು ಅವಳು?" ಎಂದು ಕೇಳಿದಳು. ಮಗಳು ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ, "ಅವನು ಯಾಕೆ ಸುಮ್ಮನೆ ಹೋದ?" ಮೂರನೇ ಸಲ ಕೇಳಿದಾಗ ಮಗಳು ಬೇಸರದಿಂದಲೇ ಒಂದು ಸಾಲು ದಖನಿಯಲ್ಲಿ ಹೇಳಿದಳು. ಆಮೇಲೆ ಇನ್ನೊಂದು ಸಾಲು. ಆ ರಾತ್ರಿ ಒಂದು ಗಂಟೆಗೂ ಹೆಚ್ಚು ಹೊತ್ತು ಅವಳು ಮಾತಾಡಿದ್ದಳು! ತನ್ನ ಮಾತಲ್ಲ, ಕಥೆಯೊಳಗಿನ ಹುಡುಗಿಯ ಮಾತು. ಆದರೆ ಎರಡು ತಿಂಗಳಿಂದ ಮೂಕವಾಗಿದ್ದ ಮನೆಗೆ ಅದೇ ಸಾಕಾಗಿತ್ತು. ಧಾರಾವಾಹಿ ಕನ್ನಡಕ್ಕೋ ಉರ್ದುವಿಗೋ ಡಬ್ ಆಗಿದ್ದಿದ್ದರೆ ತಾಯಿ-ಮಗಳು ಇಬ್ಬರೂ ಬಾಯಿ ಮುಚ್ಚಿ ನೋಡಿ ಮಲಗುತ್ತಿದ್ದರೋ ಏನೋ.

ಇದು ಅವರೊಬ್ಬರ ಮನೆಯ ಕಥೆಯಲ್ಲ. ಕೊರಿಯಾದ ಕಥೆಗಳು ನಮ್ಮ ಮನೆಗಳೊಳಗೆ ಹೆಚ್ಚಾಗಿ ಬಂದದ್ದು 2020ರ ಲಾಕ್‌ಡೌನ್ ಕಾಲದಲ್ಲಿ. ಕೊರೊನಾದಿಂದ ದೇಶದಲ್ಲಿ ಮೊದಲ ಸಾವು ಸಂಭವಿಸಿದ್ದು ಆ ವರ್ಷದ ಮಾರ್ಚ್‌ನಲ್ಲಿ, ನಮ್ಮ ಕಲಬುರಗಿಯ ಹಿರಿಯರೊಬ್ಬರದು. ಜಾತ್ರೆಯ ದಿನಗಳಲ್ಲೇ ಊರಿನಲ್ಲಿ ಭಯ ಹರಡಿತ್ತು. ಬಾಗಿಲು ಹಾಕಿಕೊಂಡ ಮನೆಗಳಲ್ಲಿ ಜನ ಕಥೆಗಳಿಗಾಗಿ ಹುಡುಕಿದರು. ಆ ವರ್ಷ ಭಾರತದಲ್ಲಿ ಕೊರಿಯನ್ ಧಾರಾವಾಹಿಗಳ ವೀಕ್ಷಣೆ ಹಿಂದಿನ ವರ್ಷಕ್ಕಿಂತ ಶೇ. 370ಕ್ಕೂ ಹೆಚ್ಚು ಏರಿತು ಎಂದು ನೆಟ್‌ಫ್ಲಿಕ್ಸ್ ಹೇಳಿಕೊಂಡಿದೆ.

ಆದರೆ ನಿಧಾನದ ಪ್ರೇಮಕಥೆ ನಮಗೆ ಹೊಸದಲ್ಲ. ನಮ್ಮ ಅಮ್ಮಿಯ ಕಾಲದಲ್ಲಿ 1987ರ ಪಾಕಿಸ್ತಾನಿ ಧಾರಾವಾಹಿ 'ಧೂಪ್ ಕಿನಾರೆ'ಯ ವೀಡಿಯೊ ಕ್ಯಾಸೆಟ್ ಮನೆಯಿಂದ ಮನೆಗೆ ಹೋಗುತ್ತಿತ್ತು. ಹಸೀನಾ ಮೊಯಿನ್ ಬರೆದ ಆ ಕಥೆಯಲ್ಲಿ ಇಬ್ಬರು ವೈದ್ಯರು ಒಂದೇ ಆಸ್ಪತ್ರೆಯಲ್ಲಿ ಇದ್ದೂ ಮನಸ್ಸಿನ ಮಾತು ಹೇಳಲು ಇಡೀ ಧಾರಾವಾಹಿಯನ್ನೇ ತೆಗೆದುಕೊಳ್ಳುತ್ತಾರೆ. 2014ರಲ್ಲಿ 'ಜಿಂದಗಿ' ವಾಹಿನಿ ಆರಂಭವಾದಾಗ 'ಜಿಂದಗಿ ಗುಲ್ಜಾರ್ ಹೈ' ನೋಡಲು ಎಷ್ಟು ಮನೆಗಳಲ್ಲಿ ರಾತ್ರಿಯ ಅಡುಗೆ ಬೇಗ ಮುಗಿಯುತ್ತಿತ್ತು ನೆನಪಿದೆಯೇ? 2016ರಲ್ಲಿ ಆ ವಾಹಿನಿಯಲ್ಲಿ ಪಾಕಿಸ್ತಾನದ ಕಥೆಗಳು ನಿಂತವು. ಆ ರುಚಿ ಹಿಡಿದವರಿಗೆ ಕೊರಿಯಾದ ಕಥೆಗಳು ಹತ್ತಿರವಾದದ್ದರಲ್ಲಿ ಆಶ್ಚರ್ಯವಿಲ್ಲ.

ಅವರ ಬದುಕೂ ನಮಗೆ ಅಷ್ಟು ದೂರದ್ದಲ್ಲ. ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಬರುತ್ತಾರೆ. ಎಷ್ಟೋ ಮನೆಗಳಲ್ಲಿ ನೆಲದ ಮೇಲೆ ಕುಳಿತು ಉಣ್ಣುತ್ತಾರೆ. ಹಿರಿಯರೊಡನೆ ಮಾತಾಡುವಾಗ ಮಾತಿನ ರೂಪವೇ ಬದಲಾಗುತ್ತದೆ. ತಾಯಿಗೆ ಒಮ್ಮಾ, ತಂದೆಗೆ ಅಪ್ಪಾ! ತಂಗಿಯ ಪಕ್ಕದ ಮನೆಯ ಅಕ್ಕ ಒಂದು ಮಧ್ಯಾಹ್ನ ಬಂದು ಇದನ್ನು ಕೇಳಿ, "ಅಯ್ಯ, ಅಲ್ಲೂ ಅಪ್ಪ ಅಂತಾರೇನು? ನಮ್ಮ ಅಪ್ಪನ ಕೆರಿ ಅವರಿಗೂ ಗೊತ್ತದ ಏನು?" ಎಂದರಂತೆ. ಶರಣಬಸವೇಶ್ವರ ಸಂಸ್ಥಾನದ ಪೀಠಾಧಿಪತಿಗಳನ್ನು ಊರಿನವರು ಅಪ್ಪ ಎಂದೇ ಕರೆಯುವುದು, ದೇವಸ್ಥಾನದ ಕೆರೆಯೂ ಅಪ್ಪನ ಕೆರೆಯೇ. ಆ ಮಾತಿಗೆ ಹುಡುಗಿ ನಕ್ಕಳು. ತಿಂಗಳುಗಳ ನಂತರ ನಕ್ಕದ್ದು ಅದೇ ಮೊದಲು ಎಂದು ತಂಗಿ ಈಗಲೂ ಹೇಳುತ್ತಾಳೆ.

ಕಮಲಾಪುರದ ಸಹೋದರಿ, ನಿಮ್ಮೂರಿನ ಕೆಂಪು ಬಾಳೆ ಬೇರೆ ಬಾಳೆಗಿಂತ ಹೆಚ್ಚು ತಿಂಗಳು ತೆಗೆದುಕೊಂಡು ಗೊನೆ ಬಿಡುತ್ತದೆ ಎಂಬುದು ನಿಮಗೆ ಗೊತ್ತು. ತಹಾರಿಗೆ ದಮ್ ಕೊಡದೆ ಮುಚ್ಚಳ ತೆಗೆದರೆ ಏನಾಗುತ್ತದೆ ಎಂಬುದೂ ಗೊತ್ತು. ಈ ಕಥೆಗಳೂ ಹಾಗೆಯೇ. ಮೊದಲ ಎರಡು ಕಂತುಗಳಲ್ಲಿ ಏನೂ ನಡೆಯುತ್ತಿಲ್ಲ ಅನಿಸುತ್ತದೆ. ದಯವಿಟ್ಟು ನಾಲ್ಕನೆಯದರವರೆಗೆ ತಾಳಿಕೊಳ್ಳಿ. ಇನ್ನು ಪಟ್ಟಿಗೆ ಬರೋಣ.

ನೀವು ನೋಡಿದ ಕಥೆಯಿಂದ ಹೊರಡೋಣ

'ಹೋಮ್‌ಟೌನ್ ಚಾ ಚಾ ಚಾ' 2021ರದು. 2004ರ ಒಂದು ಕೊರಿಯನ್ ಸಿನೆಮಾದ ಕಥೆಯನ್ನು ಆಧರಿಸಿದ್ದು. ಸಿಯೋಲ್ ನಗರದ ದಂತವೈದ್ಯೆ, ಮೇಲಧಿಕಾರಿಯ ಅನ್ಯಾಯವನ್ನು ಎದುರಿಸಿ ಕೆಲಸ ಕಳೆದುಕೊಂಡು ಗೊಂಗ್ಜಿನ್ ಎಂಬ ಕಡಲ ಊರಿಗೆ ಬರುತ್ತಾಳೆ. ಅಲ್ಲಿ ಊರಿನ ಎಲ್ಲರ ಕೆಲಸಕ್ಕೂ ಒದಗುವ ಒಬ್ಬ ಯುವಕ ಇದ್ದಾನೆ. ನಿಮಗೆ ಇಷ್ಟವಾದದ್ದು ಈ ಇಬ್ಬರ ಪ್ರೀತಿಯಷ್ಟೇ ಅಲ್ಲ, ಅಲ್ಲವೇ? ಖರ್ಚಾಗುತ್ತದೆಂದು ಹಲ್ಲಿನ ಚಿಕಿತ್ಸೆಯನ್ನೇ ಬೇಡ ಎನ್ನುವ ಗಾಮ್ರಿ ಅಜ್ಜಿ, ರಾತ್ರಿ ಒಟ್ಟಿಗೆ ಮಲಗಿ ಹರಟುವ ಮೂವರು ಅಜ್ಜಿಯರು. ಅದು ಒಂದು ಊರಿನ ಕಥೆ. ಗಾಯಗೊಂಡ ಯುವಕನನ್ನು ಹುಡುಗಿ ಒಬ್ಬಳೇ ವಾಸಿ ಮಾಡಲಿಲ್ಲ, ಅದಕ್ಕೆ ಮೊದಲೇ ಊರು ಅವನಿಗೆ ವರ್ಷಗಟ್ಟಲೆ ಅನ್ನ ಇಕ್ಕಿತ್ತು. ಆ ಗುಣ ಇರುವ ಕಥೆಗಳನ್ನೇ ಆರಿಸಿದ್ದೇನೆ.

ವೆನ್ ದ ವೆದರ್ ಈಸ್ ಫೈನ್ (2020, 16 ಕಂತು)

ನನ್ನ ತಂಗಿ ಕೌದಿ ಹಿಡಿದು ನೋಡಲು ಕುಳಿತದ್ದು ಇದನ್ನೇ. ಲೀ ದೊ-ವೂ ಅವರ ಕಾದಂಬರಿಯನ್ನು ಆಧರಿಸಿದೆ. ನಗರದಲ್ಲಿ ಚೆಲ್ಲೊ ವಾದ್ಯ ಕಲಿಸುತ್ತಿದ್ದ ಹುಡುಗಿ ಮನಸ್ಸು ಮುರಿದು ಚಳಿಗಾಲದಲ್ಲಿ ಚಿಕ್ಕಮ್ಮನ ಊರಿಗೆ ಬರುತ್ತಾಳೆ. ಅಲ್ಲಿ ಅವಳ ಹಳೆಯ ಸಹಪಾಠಿಯ ಪುಟ್ಟ ಪುಸ್ತಕದಂಗಡಿ. ಅವನು ಅವಳಿಗೆ ಕಾಫಿ ಕೊಡುತ್ತಾನೆ, ಒಲೆಯ ಹತ್ತಿರ ಜಾಗ ಕೊಡುತ್ತಾನೆ. "ಏನಾಯಿತು?" ಎಂದು ಕೆದಕುವುದಿಲ್ಲ. ರಾತ್ರಿ ಅಂಗಡಿಯಲ್ಲಿ ಶಾಲೆಯ ಹುಡುಗನಿಂದ ಅಜ್ಜನವರೆಗೆ ಎಲ್ಲರೂ ಸೇರಿ ಓದುತ್ತಾರೆ. ಮನೆಯೊಳಗೆ ಹೂತಿಟ್ಟ ಒಂದು ಹಳೆಯ ಗುಟ್ಟು ನಿಧಾನವಾಗಿ ಹೊರಬರುತ್ತದೆ. ಆ ಗುಟ್ಟಿನಲ್ಲಿ ಗಂಡನ ಹಿಂಸೆಯೂ ಇದೆ, ಆದ್ದರಿಂದ ಚಿಕ್ಕ ಮಕ್ಕಳೊಡನೆ ನೋಡಬೇಡಿ.

ಐದನೆಯದೋ ಆರನೆಯದೋ ಕಂತು ಮುಗಿದಾಗ ತಂಗಿ ನನಗೆ ಹೇಳಿದ ಮಾತು: "ಆಪಾ, ಆ ಹುಡುಗ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ನಾನು ದಿನಕ್ಕೆ ಹತ್ತು ಕೇಳುತ್ತಿದ್ದೆ." ಒಬ್ಬ ತಾಯಿ ತನ್ನಷ್ಟಕ್ಕೇ ಇದನ್ನು ಕಂಡುಕೊಂಡಳಲ್ಲ! ನಾನು ಹೇಳಿದ್ದರೆ ಅವಳಿಗೆ ಸಿಟ್ಟು ಬರುತ್ತಿತ್ತು.

ಬಿಕಾಸ್ ದಿಸ್ ಈಸ್ ಮೈ ಫಸ್ಟ್ ಲೈಫ್ (2017, 16 ಕಂತು)

ಇದು ಸ್ವಲ್ಪ ನಗು ಇರುವ ಕಥೆ. ಮನೆ ಇಲ್ಲದ 30ರ ಬರಹಗಾರ್ತಿ, ಮನೆಯ ಸಾಲ ತೀರಿಸುತ್ತಿರುವ ಒಬ್ಬ ಮಾತು ಕಡಿಮೆಯ ಗಂಡಸು. ಬಾಡಿಗೆ ಮತ್ತು ಸಾಲದ ಲೆಕ್ಕಕ್ಕಾಗಿ ಇಬ್ಬರೂ ಕರಾರಿನ ಮದುವೆ ಮಾಡಿಕೊಳ್ಳುತ್ತಾರೆ. ಮದುವೆಯನ್ನು ಹೀಗೆ ವ್ಯವಹಾರ ಮಾಡಿಕೊಳ್ಳುವುದನ್ನು ನಾವು ಒಪ್ಪುವುದಿಲ್ಲ, ಅದು ಬೇರೆ ಮಾತು. ಆದರೆ ಆಮೇಲೆ ಬರುವುದು ಪ್ರತಿ ಸೊಸೆಯೂ ನೋಡಬೇಕಾದದ್ದು. ಗಂಡನ ಮನೆಯಲ್ಲಿ ಹಿರಿಯರ ಸ್ಮರಣೆಯ ದಿನ ಅವಳು ದಿನವಿಡೀ ಅಡುಗೆಮನೆಯಲ್ಲಿ ದುಡಿಯುತ್ತಾಳೆ. ಅದು ಗೊತ್ತಾದ ಗಂಡ ಏನು ಮಾಡುತ್ತಾನೆ ಗೊತ್ತೇ? ಅವಳ ತವರಿಗೆ ಹೋಗಿ ಚಳಿಗಾಲದ ಕಿಮ್ಚಿ ಹಾಕುವ ಕೆಲಸಕ್ಕೆ ಕೈಜೋಡಿಸುತ್ತಾನೆ! ಕಿಮ್ಚಿ ಎಂದರೆ ಅವರ ಉಪ್ಪಿನಕಾಯಿ ಇದ್ದಂತೆ, ರಾಶಿರಾಶಿ ಎಲೆಕೋಸಿಗೆ ಮಸಾಲೆ ಹಚ್ಚುವ ಕೆಲಸ. ಸೊಸೆ ಗಂಡನ ಮನೆಯಲ್ಲಿ ದುಡಿದರೆ ಅದು ಕರ್ತವ್ಯ, ಅಳಿಯ ಹೆಂಡತಿಯ ಮನೆಯಲ್ಲಿ ಒಂದು ದಿನ ದುಡಿದರೆ ಅದು ಸುದ್ದಿ. ಈ ಕಂತನ್ನು ಮನೆಯ ಗಂಡುಮಕ್ಕಳನ್ನೂ ಕೂರಿಸಿಕೊಂಡು ನೋಡಿ.

ಒನ್ ಸ್ಪ್ರಿಂಗ್ ನೈಟ್ (2019)

ಗ್ರಂಥಾಲಯದಲ್ಲಿ ಕೆಲಸ ಮಾಡುವ ಹುಡುಗಿ, ಪುಟ್ಟ ಮಗನನ್ನು ಒಂಟಿಯಾಗಿ ಸಾಕುತ್ತಿರುವ ಔಷಧಿ ಅಂಗಡಿಯವನು. ಹುಡುಗಿಗೆ ಮೊದಲೇ ಒಂದು ಸಂಬಂಧ ಇದೆ, ಅಪ್ಪನಿಗೆ ಆ ದೊಡ್ಡ ಮನೆಯೇ ಬೇಕು. ಮಗು ಇರುವವನನ್ನು ಆರಿಸಿಕೊಂಡರೆ ಜನ ಏನೆನ್ನುತ್ತಾರೆ ಎಂಬ ಭಯ ಅಲ್ಲೂ ಇದೆ. ಆದರೆ ಈ ಕಥೆಯಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಅವಳ ಅಕ್ಕ. ಆಕೆ ಟಿ.ವಿ.ಯಲ್ಲಿ ಕಾಣಿಸಿಕೊಳ್ಳುವ ಹೆಸರುವಾಸಿ ಹೆಂಗಸು, ಗಂಡ ದಂತವೈದ್ಯ, ಹೊರಗಿನಿಂದ ನೋಡಿದರೆ ಯಾವ ಕೊರತೆಯೂ ಇಲ್ಲ. ಮನೆಯೊಳಗೆ ಹೊಡೆತ ತಿನ್ನುತ್ತಿದ್ದಾಳೆ. ತಾಯಿಗೆ ಅದು ತಿಳಿದಾಗ ಆಕೆ "ಹೊಂದಿಕೊಂಡು ಹೋಗು" ಎನ್ನುವುದಿಲ್ಲ, ಮಗಳ ಪಕ್ಕದಲ್ಲಿ ನಿಲ್ಲುತ್ತಾಳೆ. ಇದೂ ದೊಡ್ಡವರು ಮಾತ್ರ ನೋಡಬೇಕಾದ ಕಥೆ.

ಜಸ್ಟ್ ಬಿಟ್ವೀನ್ ಲವರ್ಸ್ (2017-18, 16 ಕಂತು)

ಮನೆಯಲ್ಲಿ ಸಾವು ಕಂಡವರಿಗೆ ಇದು. ಒಂದು ಮಾಲ್ ಕುಸಿದು ಎಷ್ಟೋ ಜನ ಸತ್ತಿದ್ದಾರೆ. ಬದುಕಿ ಉಳಿದ ಒಬ್ಬ ಹುಡುಗ, ತಂಗಿಯನ್ನು ಕಳೆದುಕೊಂಡ ಒಬ್ಬ ಹುಡುಗಿ, ವರ್ಷಗಳ ನಂತರ ಅದೇ ಜಾಗದ ಕಟ್ಟಡದ ಕೆಲಸದಲ್ಲಿ ಭೇಟಿಯಾಗುತ್ತಾರೆ. ಇದನ್ನು ನೋಡುವ ಯಾವ ಕೊರಿಯಾದವರಿಗೂ 1995ರ ಜೂನ್ 29 ನೆನಪಾಗದೆ ಇರದು. ಅಂದು ಸಿಯೋಲ್‌ನ ಸಾಂಪುಂಗ್ ಎಂಬ ದೊಡ್ಡ ಮಳಿಗೆ ಕುಸಿದು 502 ಮಂದಿ ಸತ್ತರು. ತಾನು ಬದುಕಿದ್ದೇ ತಪ್ಪು ಎಂದುಕೊಂಡು ಬದುಕುವವರ ನೋವನ್ನು ಇಷ್ಟು ಮೆಲುದನಿಯಲ್ಲಿ ಹೇಳಿದ ಕಥೆ ನಾನು ಹೆಚ್ಚು ನೋಡಿಲ್ಲ. ಭಾರವಾದದ್ದು. ಇದರಿಂದ ಆರಂಭಿಸಬೇಡಿ.

ಮೈ ಲಿಬರೇಶನ್ ನೋಟ್ಸ್ (2022, 16 ಕಂತು)

ಇದನ್ನು ಎರಡು ಎಚ್ಚರಿಕೆಯೊಡನೆ ಹೇಳುತ್ತೇನೆ. ನಾಯಕ ಕುಡುಕ. ಬಾಟಲಿಗಳು ಪ್ರತಿ ಕಂತಿನಲ್ಲೂ ಕಾಣುತ್ತವೆ. ಮತ್ತೆ, ನಾಯಕಿ ಅವನಿಗೆ "ನನ್ನನ್ನು ಆರಾಧಿಸು" ಎನ್ನುತ್ತಾಳೆ! ನಮ್ಮ ಮನೆಗಳಲ್ಲಿ ಆ ಮಾತು ಕೇಳಿದರೆ ಯಾರಾದರೂ ತಲೆ ಎತ್ತಿ ನೋಡುತ್ತಾರೆ. ಅದು ಅವರ ಭಾಷೆಯ ಅಪರೂಪದ ಪುಸ್ತಕದ ಪದ. ಪ್ರೀತಿ ಸಾಲದು, ನನ್ನನ್ನು ಪೂರ್ತಿ ಗೌರವಿಸುವವರು ಒಬ್ಬರಾದರೂ ಬೇಕು ಎಂಬ ಅರ್ಥದಲ್ಲಿ ಆಕೆ ಹೇಳುವುದು. ಇಷ್ಟಿದ್ದೂ ಯಾಕೆ ಹೇಳುತ್ತಿದ್ದೇನೆ ಎಂದರೆ ಆ ಮನೆಯ ತಾಯಿಗಾಗಿ. ಅಡುಗೆ ಮಾಡುತ್ತಾಳೆ, ಹೊಲಕ್ಕೆ ಇಳಿಯುತ್ತಾಳೆ, ಮತ್ತೆ ಅಡುಗೆಗೆ ಬರುತ್ತಾಳೆ. ನಗರಕ್ಕೆ ಕೆಲಸಕ್ಕೆ ಹೋಗಿ ಬರುವ ಮೂವರು ಮಕ್ಕಳ ಆಯಾಸದ ಬಗ್ಗೆ ಕಥೆ ಬೇಕಾದಷ್ಟು ಹೇಳುತ್ತದೆ, ಆಕೆಯ ಆಯಾಸದ ಬಗ್ಗೆ ಯಾರೂ ಕೇಳುವುದಿಲ್ಲ. ಆಕೆಯನ್ನು ಮೊದಲ ಕಂತಿನಿಂದಲೇ ಗಮನಿಸುತ್ತಾ ಹೋಗಿ. ಕೊನೆಗೆ ನಿಮ್ಮ ಮಕ್ಕಳೂ ಗಮನಿಸುತ್ತಾರೆ.

ವೆನ್ ಲೈಫ್ ಗಿವ್ಸ್ ಯು ಟ್ಯಾಂಜರೀನ್ಸ್ (2025, 16 ಕಂತು)

ಒಂದೇ ಒಂದು ನೋಡಲು ಸಮಯವಿದೆ ಎನ್ನುವವರಿಗೆ ಇದು. ಜೇಜು ದ್ವೀಪದ ಕಥೆ. ಅಲ್ಲಿ ಉಸಿರು ಬಿಗಿಹಿಡಿದು ಕಡಲಿನ ತಳಕ್ಕಿಳಿದು ಚಿಪ್ಪುಮೀನು ಕೀಳುವ ಹೆಂಗಸರಿದ್ದಾರೆ, ಅವರನ್ನು ಹೆನ್ಯೊ ಎನ್ನುತ್ತಾರೆ. 2016ರಲ್ಲಿ ಯುನೆಸ್ಕೊ ಅವರ ಪರಂಪರೆಯನ್ನು ತನ್ನ ಪಟ್ಟಿಗೆ ಸೇರಿಸಿತು. ಅಂಥ ಒಬ್ಬ ತಾಯಿಯ ಮಗಳು ಏಸುನ್. ಕವಯಿತ್ರಿಯಾಗುವ ಆಸೆ, ಬಡತನ, ಚಿಕ್ಕಂದಿನಲ್ಲೇ ತಾಯಿಯ ಸಾವು. ಅವಳನ್ನು ಬಾಲ್ಯದಿಂದ ಪ್ರೀತಿಸುವ ಗ್ವಾನ್‌ಸಿಕ್ ಹೆಚ್ಚು ಮಾತಾಡುವವನಲ್ಲ. ಮದುವೆಯಲ್ಲಿ ಈ ಕಥೆ ಮುಗಿಯುವುದಿಲ್ಲ, ಅವರ ಮುಪ್ಪಿನವರೆಗೂ ಹೋಗುತ್ತದೆ. ಕೊರಿಯನ್ ಹೆಸರು ಜೇಜುವಿನ ಆಡುಮಾತಿನದು, "ತುಂಬಾ ಕಷ್ಟಪಟ್ಟಿರಿ" ಎಂಬಂಥ ಅರ್ಥ ಅದಕ್ಕೆ.

ಇದರಲ್ಲಿ ಎರಡು ಸಂಗತಿ ಹೇಳಲೇಬೇಕು. ಒಂದು, ಆ ಮನೆಯಲ್ಲಿ ಗಂಡಸರದು ಒಂದು ಊಟದ ಮಣೆ, ಹೆಂಗಸರದು ಬೇರೆ. ಒಂದು ದಿನ ಗ್ವಾನ್‌ಸಿಕ್ ಹಿರಿಯರಿಗೆ ಬೆನ್ನು ತಿರುಗಿಸಿ ಹೆಂಡತಿಯ ಕಡೆ ಮುಖ ಮಾಡಿ ಕುಳಿತು ಉಣ್ಣುತ್ತಾನೆ. ಅಷ್ಟೇ. ಕೂಗಾಟವಿಲ್ಲ, ಭಾಷಣವಿಲ್ಲ. ಎರಡು, ಈ ಬಡ ದಂಪತಿಯ ಅಕ್ಕಿಯ ಗಡಿಗೆಗೆ ಮನೆಯ ಮಾಲೀಕರಾದ ಮುದುಕ-ಮುದುಕಿ ಯಾರಿಗೂ ತಿಳಿಯದ ಹಾಗೆ ಅಕ್ಕಿ ಹಾಕುತ್ತಿರುತ್ತಾರೆ. ಅದನ್ನು ನೋಡುವಾಗ ಪಕ್ಕದ ಮನೆಯ ಅಕ್ಕ ಕಣ್ಣೊರೆಸಿಕೊಂಡು, "ಇದೇ ದಾಸೋಹ ನೋಡ್ರಿ" ಎಂದರಂತೆ. ಅರಳಗುಂಡಗಿಯಿಂದ ಬಂದ ಶರಣಬಸವೇಶ್ವರರು ದಾಸೋಹದಿಂದಲೇ ಮನೆಮಾತಾದವರು. ನನ್ನ ತಂಗಿ ಹೇಳಿದ್ದು, "ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಅಬ್ಬಾ ಹೇಳುತ್ತಿದ್ದದ್ದು ಇದನ್ನೇ." ಇಬ್ಬರೂ ಒಂದೇ ಗಡಿಗೆಯನ್ನು ನೋಡುತ್ತಿದ್ದರು.

ಇನ್ನು ಕೆಲವು ಎಚ್ಚರಿಕೆಯ ಮಾತು

ಮೊದಲನೆಯದು ಸಮಯದ ಬಗ್ಗೆ. ಒಂದು ಕಂತು ಸುಮಾರು 70 ನಿಮಿಷ ಎಂದರೆ 16 ಕಂತಿಗೆ 18 ಗಂಟೆಗೂ ಹೆಚ್ಚು. ಎರಡೇ ರಾತ್ರಿಯಲ್ಲಿ ಮುಗಿಸಿದವರನ್ನು ಬಲ್ಲೆ. ಆಮೇಲೆ ತಲೆನೋವು, ಸಿಡುಕು, ತಪ್ಪಿದ ಫಜ್ರ್. ಇಂಥ ಕಥೆಗಳನ್ನು ಕೊರಿಯಾದ ವಾಹಿನಿಗಳಲ್ಲಿ ವಾರಕ್ಕೆ ಎರಡು ಕಂತಿನಂತೆ ಎಂಟು ವಾರ ತೋರಿಸುವುದು ರೂಢಿ. ನೀವೂ ಹಾಗೆಯೇ ಮಾಡಿ. ನಿಧಾನವಾಗಿ ಬೇಯಿಸಿದ್ದನ್ನು ಗಬಗಬ ತಿಂದರೆ ಏನು ರುಚಿ?

ಎರಡನೆಯದು, ಪ್ರೇಮಕಥೆ ಎಂದ ಮೇಲೆ ಅಪ್ಪುಗೆ, ಮುತ್ತು ಒಂದೆರಡು ಕಡೆ ಇದ್ದೇ ಇರುತ್ತವೆ. ಕುಡಿತವಂತೂ ಅಲ್ಲಿ ಊಟದ ಜೊತೆಯ ಮಾತು. ಆದ್ದರಿಂದ ಮಕ್ಕಳೊಡನೆ ಕೂರುವ ಮೊದಲು ಒಂದು ಸಲ ನೀವೇ ನೋಡಿ. ದೃಶ್ಯ ದಾಟಿಸಿ ಮುಂದೆ ಹೋಗಬಹುದು. ದಾಟಿಸಿದ್ದು ಯಾಕೆ ಎಂದು ಮಗಳು ಕೇಳಿದರೆ ಸಿಡುಕದೆ ಹೇಳಿ. ಯಾವ ಕಥೆ ಯಾವ ಆ್ಯಪಿನಲ್ಲಿ ಸಿಗುತ್ತದೆ ಎಂಬುದು ಆಗಾಗ ಬದಲಾಗುತ್ತದೆ, ಹೆಸರು ಹಾಕಿ ಹುಡುಕಿ. ಕದ್ದು ಹಾಕಿದ ಲಿಂಕುಗಳ ಹಿಂದೆ ಹೋಗಬೇಡಿ.

ಮೂರನೆಯದು ಹೋಲಿಕೆ. ತೆರೆಯ ಮೇಲಿನ ಹುಡುಗ ಸಂಬಳ ಪಡೆದು ಮೆತ್ತಗೆ ಮಾತಾಡುತ್ತಾನೆ! ಅವನು ಏನು ಹೇಳಬೇಕೆಂದು ಬರೆದುಕೊಡುವವರು ಇದ್ದಾರೆ. ಹಗಲಿಡೀ ಬಿಸಿಲಲ್ಲಿ ದುಡಿದು ಬಂದ ನಿಮ್ಮ ಮನೆಯವರನ್ನು ಅವನ ಪಕ್ಕದಲ್ಲಿ ನಿಲ್ಲಿಸಿ ಅಳೆಯಬೇಡಿ. ಆದರೆ ಹೊಡೆತವನ್ನೂ ಅವಮಾನವನ್ನೂ "ಅದು ಕಥೆ, ಇದು ಬದುಕು" ಎಂದು ನುಂಗಿಕೊಳ್ಳಲೂ ಬೇಡಿ. ಎರಡರ ನಡುವಿನ ವ್ಯತ್ಯಾಸ ನಿಮಗೆ ತಿಳಿಯುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಧಾರಾವಾಹಿ ಮದ್ದಲ್ಲ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕುವುದೇ ಬೇಡ ಎಂಬ ಮಾತು ಬಂದರೆ ಅದು ವೈದ್ಯರು ನೋಡಬೇಕಾದದ್ದು. 2022ರ ಅಕ್ಟೋಬರ್‌ನಲ್ಲಿ ಸರಕಾರ ಟೆಲಿ ಮಾನಸ್ ಎಂಬ ಸೇವೆ ಆರಂಭಿಸಿದೆ. 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ನನ್ನ ತಂಗಿಯ ಮಗಳನ್ನೂ ನಾವು ವೈದ್ಯರಿಗೆ ತೋರಿಸಿದೆವು. ಜನ ಏನೆನ್ನುತ್ತಾರೋ ಎಂದು ಮೊದಲು ಒಂದು ತಿಂಗಳು ಸುಮ್ಮನೆ ಕಳೆದದ್ದಕ್ಕೆ ಈಗ ಬೇಸರವಿದೆ. ಮಾತು ಹೊರಬರಲು ಧಾರಾವಾಹಿ ದಾರಿ ಮಾಡಿತು, ಉಳಿದ ಕೆಲಸಕ್ಕೆ ಬೇರೆಯವರ ಕೈ ಬೇಕಾಯಿತು.

ಕಥೆಯೊಳಗಿನ ಹುಡುಗಿಯ ಮಾತು ಅವಳ ಸ್ವಂತ ಮಾತಾದದ್ದು ಯಾವಾಗ ಎಂದು ಕೇಳುತ್ತೀರಾ? ತಂಗಿಗೂ ಸರಿಯಾಗಿ ನೆನಪಿಲ್ಲ. ಒಂದು ರಾತ್ರಿ ಮಗಳು ಸಾಲು ಓದುತ್ತಾ ಓದುತ್ತಾ ನಿಲ್ಲಿಸಿ, "ಅಮ್ಮಿ, ಇದು ಇಲ್ಲಿ ಬರೆದಿಲ್ಲ, ನಾನೇ ಹೇಳುತ್ತಿದ್ದೇನೆ" ಎಂದಳಂತೆ. ತಂಗಿ ಸೂಜಿಯನ್ನು ಕೌದಿಗೆ ಚುಚ್ಚಿಟ್ಟು ಕೇಳಿಸಿಕೊಂಡಳು. ಅಂದು ಏನು ಹೇಳಿದಳು ಎಂಬುದು ನನಗೂ ಗೊತ್ತಿಲ್ಲ, ನಾನು ಕೇಳಿಲ್ಲ.

ಈಗ ಹುಡುಗಿ ಒಂದು ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಮದುವೆ ಇನ್ನೂ ಆಗಿಲ್ಲ. ಬಂದ ಎರಡು ಸಂಬಂಧಗಳಲ್ಲಿ ಒಂದನ್ನು ಅವಳೇ ಬೇಡ ಎಂದಳು. ಹೋದ ಜಾತ್ರೆಯಲ್ಲಿ ನಾನೂ ಕಲಬುರಗಿಯಲ್ಲಿದ್ದೆ. ರಥ ಎಳೆದು ಮೂರನೇ ದಿನ ಸಂಜೆ ನಾವು ನಾಲ್ವರೂ, ಪಕ್ಕದ ಮನೆಯ ಅಕ್ಕನೂ ಸೇರಿ, ದೇವಸ್ಥಾನದ ಎದುರಿನ ಬಳೆ ಅಂಗಡಿಗಳ ಸಾಲಿಗೆ ಹೋದೆವು. ಅವಳು ಹಸಿರು ಗಾಜಿನ ಬಳೆ ಆರಿಸಿ ತಾಯಿಯ ಕೈ ಹಿಡಿದು ಮುಂದೆ ಚಾಚಿದಳು. "ಮೊದಲು ಅಮ್ಮಿಗೆ" ಎಂದಳು. ತಂಗಿಯ ಕೈ ಕೆಲಸಕ್ಕೆ ಬಿರುಸಾಗಿದೆ, ಬಳೆ ಸಲೀಸಾಗಿ ಏರಲಿಲ್ಲ. ಅಂಗಡಿಯಾಕೆ, "ಅವಸರ ಮಾಡಬ್ಯಾಡ್ರಿ, ಒಡೀತಾವ" ಎಂದು ಹೇಳಿ ಒಂದೊಂದಾಗಿ ತೊಡಿಸಿದಳು.

ಕಮಲಾಪುರದ ಸಹೋದರಿ, ನೀವು 'ವೆನ್ ದ ವೆದರ್ ಈಸ್ ಫೈನ್'ನಿಂದ ಆರಂಭಿಸಿ, ಕೊನೆಗೆ ಜೇಜುವಿನ ಕಥೆಗೆ ಬನ್ನಿ. ಇಂಗ್ಲಿಷ್ ಸಾಲುಗಳು ನಿಮಗೆ ಓದಲು ಬಂದರೂ ಒಂದೆರಡು ದಿನ ಬಾರದವರಂತೆ ಕುಳಿತು, "ಅವಳು ಏನಂದಳು?" ಎಂದು ಮಕ್ಕಳನ್ನು ಕೇಳಿ. ಯಾವುದು ಹಿಡಿಸಿತು, ಯಾವುದು ಹಿಡಿಸಲಿಲ್ಲ ಎಂದು ಬರೆಯಿರಿ. ಉಳಿದ ಸಹೋದರಿಯರೂ ಬರೆಯಿರಿ. ನಾನು ಬಿಟ್ಟುಬಿಟ್ಟ ಒಳ್ಳೆಯ ಕಥೆಗಳು ಖಂಡಿತ ಇವೆ, ಅವುಗಳನ್ನು ನಿಮ್ಮಿಂದಲೇ ಕೇಳಬೇಕು.